ಪುಟ್ಟಮಲ್ಲಮ್ಮ ನಂಬರ್ ರಾಗಿಯನ್ನು ನಂಬಿದ್ದು

ಕಾರ್ತಿಕ ಮಾಸದಲ್ಲಿ ರಾಗಿ ಹೊಲದ ಬದುವಿನ ಮೇಲೆ ನಿಂತು ನೋಡಿದರೆ ಕೆಲವು ಸಲ ಕಣ್ಣು ಮೋಸ ಹೋಗುತ್ತದೆ. ದೂರಕ್ಕೆ ತೆನೆಯೆಲ್ಲ ಮಾಗಿ ಬಣ್ಣ ತಿರುಗಿದಂತೆ ಕಾಣುತ್ತದೆ. ಹತ್ತಿರ ಹೋಗಿ ಹಿಡಿದರೆ ತೆನೆಯ ಕತ್ತು ಸುಟ್ಟ ಕಡ್ಡಿಯಂತೆ ಕಪ್ಪಾಗಿರುತ್ತದೆ. ಅಂಗೈಗೆ ಹಾಕಿ ಉಜ್ಜಿ ಊದಿದರೆ ಹೊಟ್ಟೆಲ್ಲ ಹಾರಿಹೋಗಿ, ಕೈಯಲ್ಲಿ ನಾಲ್ಕು ಜೊಳ್ಳು ಕಾಳು ಉಳಿಯುತ್ತವೆ. ಇದು ಬೆಂಕಿ ರೋಗ. ರಾಗಿ ಬೆಳೆಯುವ ಊರುಗಳಲ್ಲಿ ಇದನ್ನು ಕಾಣದ ಮನೆ ಕಡಿಮೆ.

ತೊಂಬತ್ತೈದನೇ ಇಸವಿಯಲ್ಲಿ ಚಾಮರಾಜನಗರ ತಾಲ್ಲೂಕಿನ ಉಡಿಗಾಲದಲ್ಲಿ ಪುಟ್ಟಮಲ್ಲಮ್ಮನವರ ಹೊಲಕ್ಕೆ ಈ ರೋಗ ಬಂತು. ಒಂದೂವರೆ ಎಕರೆ ರಾಗಿ ಬಡಿದರೆ ಮೂರು ಮೂಟೆಯೂ ಆಗಲಿಲ್ಲ. ಮುಂದಿನ ಯುಗಾದಿಯ ಹೊತ್ತಿಗೆ ಮನೆಯಲ್ಲಿ ರಾಗಿ ತುಂಬಿಡುವ ವಾಡೆ ಬರಿದಾಯಿತು. ರಾಗಿ ಬೆಳೆಯುವ ಮನೆಯವರೇ ಸಂತೆಮರಹಳ್ಳಿ ಸಂತೆಗೆ ಹೋಗಿ ರಾಗಿ ಕೊಂಡು ತರಬೇಕಾಯಿತು. ಆ ಚೀಲ ಹಿಡಿದು ಬಸ್ಸಿನಿಂದ ಇಳಿದಾಗ ಪುಟ್ಟಮಲ್ಲಮ್ಮ ಯಾರ ಮುಖವನ್ನೂ ನೋಡದೆ ಮನೆ ಸೇರಿದರು.

ಪುಟ್ಟಮಲ್ಲಮ್ಮ ಯಾರನ್ನೂ ಸುಲಭಕ್ಕೆ ನಂಬುವವರಲ್ಲ. ರಾಗಿ ಹೋದದ್ದಕ್ಕೆ ಮೊದಲು ಗೊಬ್ಬರದ ಚೀಲದ ಮೇಲೆ ಅನುಮಾನಪಟ್ಟರು. ಆಮೇಲೆ ಪಕ್ಕದ ಹೊಲದವರು ಹೊಡೆದ ಔಷಧಿ ಗಾಳಿಗೆ ಬಂತೇನೋ ಅಂದುಕೊಂಡರು. ಕೊನೆಗೆ ಹೊಲಕ್ಕೆ ಕಳೆ ಕೀಳಲು ಬಂದ ಆಳುಗಳಲ್ಲಿ ಯಾರ ಕಣ್ಣು ಬಿತ್ತು ಎಂದು ಒಬ್ಬೊಬ್ಬರನ್ನೇ ನೆನೆಸಿಕೊಂಡರು. ಅವರ ಗಂಡ ಶಿವರುದ್ರಸ್ವಾಮಿ ಇದಕ್ಕೆ ಪೂರಾ ಉಲ್ಟಾ. ಯಾರು ಏನು ಹೇಳಿದರೂ ಹೌದೆನ್ನುವ ಮನುಷ್ಯ. ದೃಷ್ಟಿ ತಾಕಿದೆ ಎಂದವರ ಮಾತು ಕೇಳಿ ಹೊಲದಲ್ಲಿ ಕಾಯಿ ಒಡೆದರು. ಮಂಜು ಬಿದ್ದದ್ದರಿಂದ ಹೀಗಾಯಿತು ಎಂದವರಿಗೂ ತಲೆಯಾಡಿಸಿದರು.

ಇಂಥ ಮನೆಗೆ ತೊಂಬತ್ತಾರರ ಆಷಾಢ ಕಳೆಯುವ ಹೊತ್ತಿಗೆ ಭಾನು ಬಂದಳು.

ಭಾನು ಅದೇ ಊರಿನ ಹುಡುಗಿ, ಮಲ್ಲಾಜಮ್ಮನವರ ಮಗಳು. ಮಲ್ಲಾಜಮ್ಮ ಇಪ್ಪತ್ತು ವರ್ಷದಿಂದ ಪುಟ್ಟಮಲ್ಲಮ್ಮನವರ ಹೊಲದಲ್ಲಿ ಕೂಲಿ ಮಾಡಿದವರು. ಬಿತ್ತನೆಯಿಂದ ಕೊಯ್ಲಿನವರೆಗೆ ಅವರ ಕೈ ಮುಟ್ಟದ ಕೆಲಸ ಆ ಹೊಲದಲ್ಲಿ ಇರಲಿಲ್ಲ. ಮಗಳನ್ನು ಕಷ್ಟಪಟ್ಟು ಓದಿಸಿದ್ದರು. ಭಾನುವಿಗೆ ಕೃಷಿ ಇಲಾಖೆಯಲ್ಲಿ ಕೆಲಸ ಸಿಕ್ಕಿ ಆಗಿನ್ನೂ ಒಂದು ವರ್ಷವಾಗಿತ್ತು. ಸೈಕಲ್ ಮೇಲೆ ಊರೂರು ಸುತ್ತಿ, ರೈತರ ಮನೆಗಳಿಗೆ ಹೋಗಿ ಬೀಜ, ಗೊಬ್ಬರದ ವಿಷಯ ಹೇಳುವುದು ಅವಳ ಕೆಲಸ.

ಆ ದಿನ ಅವಳ ಚೀಲದಲ್ಲಿ ಅರ್ಧ ಕೆಜಿಯ ಒಂದು ರಾಗಿ ಪೊಟ್ಟಣವಿತ್ತು. ಪೊಟ್ಟಣದ ಮೇಲೆ ಹೆಸರಿರಲಿಲ್ಲ. ಬರೀ ಒಂದು ನಂಬರ್ ಬರೆದಿತ್ತು. ಇದು ಬೆಂಕಿ ರೋಗ ತಡೆದುಕೊಳ್ಳುವ ಹೊಸ ತಳಿ, ಇನ್ನೂ ಪರೀಕ್ಷೆಯಲ್ಲಿದೆ, ಹೆಸರು ಇಟ್ಟಿಲ್ಲ, ನಿಮ್ಮ ರಾಗಿಯ ಪಕ್ಕದಲ್ಲೇ ಸ್ವಲ್ಪ ಜಾಗದಲ್ಲಿ ಬಿತ್ತಿ ನೋಡಿ ಎಂದು ಭಾನು ಹೇಳಿದಳು. ಬಿತ್ತುವ ಮುಂಚೆ ಬೀಜಕ್ಕೆ ಕಲಸುವ ಔಷಧಿಯನ್ನೂ ತಂದಿದ್ದಳು.

ಶಿವರುದ್ರಸ್ವಾಮಿ ಆಗಲೇ ಕೈಚಾಚಿದ್ದರು. ಪುಟ್ಟಮಲ್ಲಮ್ಮ ಅವರ ಕೈ ತಡೆದರು.

“ಎಸರಿಲ್ದ ರಾಗಿ ಯಾವ್ದು ಕಣಮ್ಮಿ ಇದು? ಐಬ್ರೀಡಾ?”

ಆ ಮಾತಿನ ಹಿಂದೆ ಒಂದು ಹಳೆಯ ನೋವಿತ್ತು. ಐದಾರು ವರ್ಷದ ಹಿಂದೆ ಪುಟ್ಟಮಲ್ಲಮ್ಮ ಹೈಬ್ರಿಡ್ ಜೋಳ ಹಾಕಿದ್ದರು. ಮೊದಲ ವರ್ಷ ಬೆಳೆ ಏನೋ ಜೋರಾಗಿ ಬಂತು. ಆದರೆ ಹಿಟ್ಟಿಗೆ ಜಿಗಿ ಇರಲಿಲ್ಲ. ರೊಟ್ಟಿ ತಟ್ಟುವಾಗಲೇ ಅಂಚು ಸೀಳುತ್ತಿತ್ತು, ಆರಿದ ಮೇಲೆ ಹಪ್ಪಳದಂತೆ ಮುರಿಯುತ್ತಿತ್ತು. ಅದೇ ಜೋಳವನ್ನು ಬೀಜಕ್ಕೆಂದು ಎತ್ತಿಟ್ಟು ಮರುವರ್ಷ ಬಿತ್ತಿದರೆ ಒಂದು ಗಿಡ ಎತ್ತರ, ಒಂದು ಗಿಡ ಗಿಡ್ಡ, ಒಂದರಲ್ಲಿ ಕಾಳು, ಇನ್ನೊಂದರಲ್ಲಿ ಇಲ್ಲ. ಒಂದು ಸಲ ರುಚಿ ತೋರಿಸಿ ವರ್ಷವರ್ಷವೂ ತಮ್ಮ ಬಾಗಿಲಿಗೆ ಬರಿಸಿಕೊಳ್ಳುವ ಉಪಾಯ ಇದು ಎಂದು ಪುಟ್ಟಮಲ್ಲಮ್ಮ ಅವತ್ತೇ ತೀರ್ಮಾನಿಸಿದ್ದರು.

ಭಾನು ಅವರ ಮಾತನ್ನು ತಳ್ಳಿಹಾಕಲಿಲ್ಲ. ಜೋಳದ ವಿಷಯದಲ್ಲಿ ನೀವು ಹೇಳಿದ್ದು ನಿಜ ಎಂದಳು. ಹೈಬ್ರಿಡ್ ಜೋಳವೆಂದರೆ ಎರಡು ಬೇರೆ ಜೋಳಗಳನ್ನು ಪ್ರತಿ ಸಲವೂ ಹೊಸದಾಗಿ ಕೂಡಿಸಿ ತೆಗೆದ ಬೀಜ. ಅದನ್ನು ಮತ್ತೆ ಬಿತ್ತಿದರೆ ಗುಣ ಒಡೆದುಹೋಗುತ್ತದೆ, ಅದಕ್ಕೆ ವರ್ಷವೂ ಹೊಸ ಬೀಜ ಕೊಳ್ಳಬೇಕು. ಮಾರಿದವರು ಇದನ್ನು ನಿಮಗೆ ಹೇಳಬೇಕಾಗಿತ್ತು, ಹೇಳದೆ ಇದ್ದದ್ದು ತಪ್ಪು ಎಂದಳು. ಆಮೇಲೆ ಪೊಟ್ಟಣ ಬಿಚ್ಚಿ ನಾಲ್ಕು ಕಾಳು ಅಂಗೈಗೆ ಹಾಕಿಕೊಂಡಳು.

“ಇದು ಹಂಗಲ್ಲ ಪುಟ್ಟಮಲ್ಲಮ್ನೋರೆ. ಒಂದು ರಾಗಿ ಮುದ್ದಗ ಚೆಂದ, ರೋಗ ತಡಿಯಲ್ಲ. ಇನ್ನೊಂದು ರೋಗ ತಡೀತದ, ತಿನ್ನಕ್ಕ ಚೆಂದಿಲ್ಲ. ಎರಡ್ನೂ ಒಂದ್ಸಲ ಕೂಡ್ಸವ್ರ. ಅದ್ರಲ್ಲಿ ಹುಟ್ಟಿದ ಸಾವ್ರ ಗಿಡದೊಳಗ ಎರಡು ಗುಣವೂ ಇರೋದ್ನ ಆರ್ಸಿ, ಮತ್ತ ಬಿತ್ತಿ, ಮತ್ತ ಆರ್ಸಿ, ಹಿಂಗೇ ಹತ್ತು ವರ್ಷ ಮಾಡವ್ರ. ಈಗ ಗುಣ ನಿಂತದ. ನಿಮ್ಮನೆ ರಾಗಿ ಹಂಗೇ, ಇದ್ರ ಬೀಜವ ನೀವೇ ಎತ್ತಿಟ್ಕಬೋದು.”

ರಾಗಿಯ ಹೂ ಸೂಜಿಯ ಮೊನೆಯಷ್ಟು ಸಣ್ಣದು, ಒಂದರ ಪುಡಿಯನ್ನು ಇನ್ನೊಂದಕ್ಕೆ ಸೇರಿಸುವುದು ಬಹಳ ನಾಜೂಕಿನ ಕೆಲಸ ಎಂದೂ ಅವಳು ಹೇಳಿದಳು. ಪುಟ್ಟಮಲ್ಲಮ್ಮ ಕೇಳಿಸಿಕೊಂಡರು. ಆದರೆ ಅವರ ಮನಸ್ಸು ಬೇರೆ ಕಡೆ ಹೋಗಿತ್ತು.

“ಅಷ್ಟು ಕಷ್ಟಪಟ್ಟು ಮಾಡಿದ್ದ ನಂಗ ಪುಕ್ಕಟೆ ಯಾಕ ಕೊಟ್ಟಾರು?”

ಅವರಿಗೂ ನಿಮ್ಮಿಂದ ಒಂದು ಕೆಲಸ ಆಗಬೇಕಿದೆ ಎಂದಳು ಭಾನು. ಸಂಶೋಧನೆಯ ತೋಟದಲ್ಲಿ ಬೆಳೆಯುವುದು ಬೇರೆ, ಉಡಿಗಾಲದ ಹೊಲದಲ್ಲಿ ಬೆಳೆಯುವುದು ಬೇರೆ. ಹಾಗೆಯೇ ಕಾಳು ಬಂದರೆ ಸಾಲದು, ಮುದ್ದೆ ಕಟ್ಟಬೇಕು, ರೊಟ್ಟಿ ತಟ್ಟಿದರೆ ಒಡೆಯಬಾರದು. ಹಿಂದೆ ಒಂದು ನಂಬರ್ ರೋಗವನ್ನು ಚೆನ್ನಾಗಿ ತಡೆದಿತ್ತಂತೆ. ರೊಟ್ಟಿ ಮಧ್ಯಾಹ್ನಕ್ಕೇ ಗಟ್ಟಿಯಾಗುತ್ತದೆ ಎಂದು ಹೆಂಗಸರು ಹೇಳಿದ ಮೇಲೆ ಅದನ್ನು ಕೈಬಿಟ್ಟರಂತೆ.

ಪುಟ್ಟಮಲ್ಲಮ್ಮ ಪೊಟ್ಟಣ ಇಸಿದುಕೊಂಡರು. ನಂಬಿ ಇಸಿದುಕೊಂಡದ್ದಲ್ಲ. ಇದರ ಬಂಡವಾಳ ಬಯಲು ಮಾಡಬೇಕೆಂದು ಇಸಿದುಕೊಂಡರು.

ಹೊಲದ ತಗ್ಗಿನ ಮೂಲೆಯಲ್ಲಿ ಒಂದು ತುಂಡು ಜಾಗವಿತ್ತು. ಬೆಳಗಿನ ಮಂಜು ಅಲ್ಲಿ ಎಲ್ಲಕ್ಕಿಂತ ತಡವಾಗಿ ಆರುತ್ತಿತ್ತು. ಹಿಂದಿನ ವರ್ಷ ಬೆಂಕಿ ರೋಗ ಮೊದಲು ಹಿಡಿದದ್ದೂ ಆ ಜಾಗಕ್ಕೇ. ಪುಟ್ಟಮಲ್ಲಮ್ಮ ಬೇಕೆಂದೇ ಅದನ್ನು ಆರಿಸಿಕೊಂಡರು. ಭಾನು ಕೊಟ್ಟ ಔಷಧಿಯನ್ನು ಬೀಜಕ್ಕೆ ಕಲಸಲಿಲ್ಲ. ಯಾವುದರ ಸಹಾಯವೂ ಇಲ್ಲದೆ ಈ ನಂಬರ್ ರಾಗಿ ಏನು ಮಾಡುತ್ತದೆ ನೋಡೋಣ ಎಂಬುದು ಅವರ ಹಟ.

ಬಿತ್ತುವ ದಿನ ಶಿವರುದ್ರಸ್ವಾಮಿಯವರನ್ನು ಏನೋ ನೆವ ಹೇಳಿ ಗುಂಡ್ಲುಪೇಟೆಗೆ ಕಳಿಸಿದರು. ಗೊತ್ತಾದರೆ ಅವರು ಊರಿಗೆಲ್ಲ ಹೇಳಿಬಿಡುತ್ತಾರೆ. ಮಲ್ಲಾಜಮ್ಮನವರನ್ನೂ ಅವತ್ತು ಕೆಲಸಕ್ಕೆ ಕರೆಯಲಿಲ್ಲ. ಒಬ್ಬರೇ ಕೂತು ಕೈಯಲ್ಲೇ ಇಪ್ಪತ್ತನಾಲ್ಕು ಸಾಲು ಬಿತ್ತಿದರು. ಎಂಟು ಸಾಲಿಗೆ ನಂಬರ್ ರಾಗಿ, ಉಳಿದದ್ದಕ್ಕೆ ಮನೆಯ ರಾಗಿ. ಒಂದೇ ಕಡೆ ಹಾಕದೆ, ಯಾರಿಗೂ ಗುರುತು ಸಿಗದ ಹಾಗೆ ನಡುನಡುವೆ ಬೆರೆಸಿದರು. ನಂಬರ್ ರಾಗಿಯ ಸಾಲಿನ ತಲೆಯಲ್ಲಿ ಒಂದೊಂದು ಹೆಂಚಿನ ಚೂರನ್ನು ಗೇಣುದ್ದ ಆಳದಲ್ಲಿ ಹೂತರು. ಎಲ್ಲಿ ಏನಿದೆ ಎಂದು ಗೊತ್ತಿದ್ದದ್ದು ಅವರೊಬ್ಬರಿಗೇ.

ಭಾನು ಎರಡು ಸಲ ಬಂದು ಯಾವ ಸಾಲು ಎಂದು ಕೇಳಿದಳು. ಎರಡು ಸಲವೂ ಪುಟ್ಟಮಲ್ಲಮ್ಮ ಒಂದೇ ಉತ್ತರ ಕೊಟ್ಟರು: ತಗ್ಗಿನ ಮೂಲೆಯಲ್ಲಿ ಬಿತ್ತಿದ್ದೀನಿ, ಬೆಳೆದ ಮೇಲೆ ನೋಡಿಕೋ. ಭಾನು ಮತ್ತೆ ಒತ್ತಾಯ ಮಾಡಲಿಲ್ಲ.

ಪೈರು ಮೊಣಕಾಲುದ್ದ ಬಂದಾಗ ಮಲ್ಲಾಜಮ್ಮ ಕಳೆ ಕಿತ್ತರು. ಆಗ ಎಲ್ಲ ಸಾಲೂ ಒಂದೇ ಥರ ಹಸಿರಾಗಿತ್ತು. ದಸರಾ ಕಳೆದ ಮೇಲೆ ಮೋಡ ಮುಚ್ಚಿಕೊಂಡು ಒಂದು ವಾರ ತುಂತುರು ಹಿಡಿಯಿತು. ಎಲೆಯ ಮೇಲೆ ಕಣ್ಣಿನ ಆಕಾರದ ಕಂದು ಚುಕ್ಕೆಗಳು ಮೂಡಿದವು. ಎರಡನೇ ವರ್ಷವೂ ಸಂತೆಯಲ್ಲಿ ರಾಗಿ ಕೊಳ್ಳುವುದು ಪುಟ್ಟಮಲ್ಲಮ್ಮನವರ ಕಣ್ಣಮುಂದೆ ಬಂತು.

ತೆನೆ ಬಂದ ಮೇಲೆ ಅವರು ತಗ್ಗಿನ ಮೂಲೆಗೆ ಹೋಗಿ ನೋಡಿದರು. ಮನೆಯ ರಾಗಿಯಲ್ಲಿ ಹತ್ತಕ್ಕೆ ನಾಲ್ಕು ತೆನೆಯ ಕತ್ತು ಕಪ್ಪಾಗಿತ್ತು. ತೆನೆಗಳು ಮುರಿದು ಜೋಲುತ್ತಿದ್ದವು. ಅದರ ನಡುವೆ ಎಂಟು ಸಾಲು ನೆಟ್ಟಗೆ ನಿಂತಿತ್ತು. ಅಲ್ಲೊಂದು ಇಲ್ಲೊಂದು ತೆನೆಯ ಕತ್ತು ಕಪ್ಪಾಗಿತ್ತೇ ಹೊರತು, ಮುರಿದದ್ದು ಹುಡುಕಿದರೂ ಸಿಗುವಂತಿರಲಿಲ್ಲ.

ಇದನ್ನು ನೋಡಿ ಬೇರೆ ಯಾರೇ ಆಗಿದ್ದರೂ ಸಂತೋಷಪಡುತ್ತಿದ್ದರು. ಪುಟ್ಟಮಲ್ಲಮ್ಮ ಸಂತೋಷಪಡಲಿಲ್ಲ. ಇದರಲ್ಲಿ ಏನೋ ಇದೆ ಎಂದು ಅವರಿಗೆ ಅನ್ನಿಸಿತು.

ಮೂರು ದಿನ ಕಳೆದು ಬೆಳಗ್ಗೆ ಹೊಲಕ್ಕೆ ಹೋದಾಗ ಅನ್ನಿಸಿದ್ದು ಕಣ್ಣಿಗೇ ಬಿತ್ತು. ಭಾನು ಒಬ್ಬಳೇ ಅದೇ ಮೂಲೆಯಲ್ಲಿ ಬಗ್ಗಿ ಏನೋ ಮಾಡುತ್ತಿದ್ದಳು. ಹೆಗಲಲ್ಲಿ ಚೀಲವಿತ್ತು. ಒಂದೊಂದೇ ತೆನೆ ಮುಟ್ಟಿ ಮುಂದಕ್ಕೆ ಹೋಗುತ್ತಿದ್ದಳು. ಪುಟ್ಟಮಲ್ಲಮ್ಮ ಬೇಲಿಯ ಮರೆಯಲ್ಲೇ ನಿಂತು ನೋಡಿದರು. ಕೂಗಲಿಲ್ಲ. ಭಾನು ಸೈಕಲ್ ಹತ್ತಿ ಹೋದ ಮೇಲೆ ಅವರಿಗೆ ಎಲ್ಲ ಅರ್ಥವಾದಂತಾಯಿತು. ತನ್ನ ರಾಗಿ ಗೆಲ್ಲಲಿ ಎಂದು ಈ ಹುಡುಗಿ ಕದ್ದು ಬಂದು ಔಷಧಿ ಹೊಡೆಯುತ್ತಿದ್ದಾಳೆ. ನಮ್ಮ ರಾಗಿ ಸಾಯಲಿ ಎಂದು ಬಿಟ್ಟಿದ್ದಾಳೆ.

ಹೊಲದ ಇನ್ನೊಂದು ತುದಿಯಲ್ಲಿ ಮಲ್ಲಾಜಮ್ಮ ರಾಗಿಯ ನಡುವೆ ಹಾಕಿದ್ದ ಅಕ್ಕಡಿ ಸಾಲಿನ ಅಲಸಂದೆ ಬಿಡಿಸುತ್ತಿದ್ದರು. ಪುಟ್ಟಮಲ್ಲಮ್ಮ ನೇರ ಅವರ ಹತ್ತಿರ ಹೋದರು. ಜೊತೆಯಲ್ಲಿ ಇನ್ನಿಬ್ಬರು ಆಳುಗಳಿದ್ದರು. ಅವರ ಎದುರಿಗೇ ಕೇಳಿಬಿಟ್ಟರು.

“ನಿನ್ ಮಗಳು ನಮ್ ಒಲಕ್ಕ ಕದ್ದು ಬಂದು ಔಸ್ತಿ ಒಡೀತಾಳ? ನೀನೇ ಏಳ್ಕೊಟ್ಟಿದ್ದೀಯ?”

ಮಲ್ಲಾಜಮ್ಮ ಎದ್ದು ನಿಂತರು. ಇಪ್ಪತ್ತು ವರ್ಷದಲ್ಲಿ ಆ ಮನೆಯವರ ಎದುರು ಅವರು ದನಿಯೆತ್ತಿ ಮಾತನಾಡಿದವರಲ್ಲ. ಅವತ್ತೂ ದನಿಯೆತ್ತಲಿಲ್ಲ.

“ಅಮ್ಮಾರೆ, ಯಾವ ಸಾಲು ಅಂತ ನಂಗೂ ಏಳ್ಲಿಲ್ಲ, ನನ್ ಮಗಳ್ಗೂ ಏಳ್ಲಿಲ್ಲ. ಪೈರೆಲ್ಲ ಒಂದೇ ಥರ ಇತ್ತು. ಗೊತ್ತಿಲ್ದ ಸಾಲ್ಗ ಔಸ್ತಿ ಎಂಗ್ ಒಡದಳು ಅವಳು?”

ಇಷ್ಟು ಹೇಳಿ, ಮಡಿಲಲ್ಲಿದ್ದ ಅಲಸಂದೆ ಕಾಯನ್ನೆಲ್ಲ ಪುಟ್ಟಮಲ್ಲಮ್ಮನವರ ಕುಕ್ಕೆಗೆ ಸುರಿದು, ಸೆರಗು ಕೊಡವಿಕೊಂಡು ಬದು ದಾಟಿ ಹೋದರು.

ಗುರುತು ಬಚ್ಚಿಟ್ಟವರು ಪುಟ್ಟಮಲ್ಲಮ್ಮನವರೇ. ಗಂಡನಿಗೂ ಹೇಳಿರಲಿಲ್ಲ. ರೋಗ ತಡೆಯಬೇಕಾದರೆ ಅದು ಹಿಡಿಯುವ ಮುಂಚೆಯೇ ಔಷಧಿ ಹೊಡೆಯಬೇಕು, ಆಗ ಯಾವ ಸಾಲು ಯಾವುದೆಂದು ಹೊಲದಲ್ಲಿ ಯಾರಿಗೂ ತಿಳಿಯುವಂತಿರಲಿಲ್ಲ. ತಗ್ಗಿನ ಮೂಲೆಗೆ ಹೋಗಿ ಕುಡುಗೋಲಿನ ತುದಿಯಲ್ಲಿ ಸಾಲಿನ ತಲೆಗಳನ್ನು ಕೆದಕಿದರು. ನೆಟ್ಟಗೆ ನಿಂತ ಪ್ರತಿಯೊಂದು ಸಾಲಿನ ತಲೆಯಲ್ಲೂ ಹೆಂಚಿನ ಚೂರು ಸಿಕ್ಕಿತು. ಮುರಿದು ಬಿದ್ದ ಸಾಲುಗಳ ತಲೆಯಲ್ಲಿ ಬರೀ ಮಣ್ಣು. ಅನುಮಾನಪಟ್ಟು ತಾವೇ ಹೂತ ಚೂರುಗಳು ಈಗ ತಮ್ಮ ವಿರುದ್ಧವೇ ಸಾಕ್ಷಿ ಹೇಳುತ್ತಿದ್ದವು.

ಅವತ್ತೇ ಹೋಗಿ ತಪ್ಪಾಯಿತು ಎಂದಿದ್ದರೆ ವಿಷಯ ಅಲ್ಲಿಗೇ ಮುಗಿಯುತ್ತಿತ್ತು. ಆದರೆ ಪುಟ್ಟಮಲ್ಲಮ್ಮ ಹೋಗಲಿಲ್ಲ. ನಾಳೆ ತಾನೇ ಕೆಲಸಕ್ಕೆ ಬರುತ್ತಾಳೆ ಎಂದುಕೊಂಡರು. ಮಲ್ಲಾಜಮ್ಮ ಬರಲಿಲ್ಲ. ಕೊಯ್ಲಿಗೂ ಬರಲಿಲ್ಲ. ಹೊಸ ಆಳುಗಳು ಕೊಯ್ದ ತೆನೆ ಕಣದಲ್ಲಿ ಚೆಲ್ಲಾಪಿಲ್ಲಿಯಾಯಿತು. ಭಾನು ಆ ಬೀದಿಯಲ್ಲಿ ಸೈಕಲ್ ಮೇಲೆ ಹೋಗುತ್ತಿದ್ದಳು, ಪುಟ್ಟಮಲ್ಲಮ್ಮನವರ ಮನೆಯ ಮುಂದೆ ಇಳಿಯುತ್ತಿರಲಿಲ್ಲ. ಶಿವರುದ್ರಸ್ವಾಮಿ ಜೀವನದಲ್ಲಿ ಮೊದಲ ಸಲ ಹೆಂಡತಿಯ ಮೇಲೆ ಬೇಸರ ಮಾಡಿಕೊಂಡು, ಆ ಹೆಣ್ಣುಮಗಳಿಗೆ ಹಾಗೆ ಅನ್ನಬಾರದಿತ್ತು ಎಂದರು.

ಪುಟ್ಟಮಲ್ಲಮ್ಮ ಎಂಟು ಸಾಲಿನ ರಾಗಿಯನ್ನು ಬೇರೆಯಾಗಿ ಬಡಿದು ತೂರಿದರು. ಅಷ್ಟು ಸಣ್ಣ ಜಾಗದಲ್ಲಿ ಬಂದ ಕಾಳು ನೋಡಿದರೆ ಅನುಮಾನಕ್ಕೆ ಜಾಗವಿರಲಿಲ್ಲ. ಹುಲ್ಲನ್ನೂ ಬೇರೆ ಮಾಡಿ ಎತ್ತುಗಳಿಗೆ ಹಾಕಿ ನೋಡಿದರು. ಎತ್ತುಗಳು ಯಾವ ತಕರಾರೂ ಇಲ್ಲದೆ ತಿಂದವು. ಉಳಿದದ್ದು ಒಂದೇ ಪರೀಕ್ಷೆ. ಮುದ್ದೆ ಮತ್ತು ರೊಟ್ಟಿ.

ಮುದ್ದೆಯನ್ನು ಮನೆಯಲ್ಲೇ ಮಾಡಿ ನೋಡಿದರು. ಗಂಟಾಗದೆ ಬಂತು. ರೊಟ್ಟಿಯನ್ನೂ ತಾವೇ ತಟ್ಟಬಹುದಿತ್ತು. ಆದರೆ ತಾವೇ ತಟ್ಟಿದರೆ ತಮ್ಮ ಕೈ ಒಂದು ಕಡೆ ವಾಲುತ್ತದೆ ಎಂಬುದು ಅವರಿಗೆ ಗೊತ್ತಿತ್ತು. ಯಾವುದು ಯಾವುದೆಂದು ತಿಳಿಯದವರು ತಟ್ಟಬೇಕು. ಉಡಿಗಾಲದಲ್ಲಿ ರಾಗಿ ರೊಟ್ಟಿಗೆ ಎತ್ತಿದ ಕೈಯೆಂದರೆ ಮಲ್ಲಾಜಮ್ಮನವರದು. ಹೊಲಕ್ಕೆ ಅವರು ಕಟ್ಟಿ ತರುತ್ತಿದ್ದ ರೊಟ್ಟಿಯನ್ನು ಆಳುಗಳು ಹಂಚಿಕೊಂಡು ಹೊಗಳುವುದನ್ನು ಪುಟ್ಟಮಲ್ಲಮ್ಮ ಇಪ್ಪತ್ತು ವರ್ಷ ಕೇಳಿದ್ದರು. ತಿಂದು ನೋಡಿರಲಿಲ್ಲ.

ಸಂಕ್ರಾಂತಿ ಕಳೆದ ವಾರ, ಒಂದು ಭಾನುವಾರ ಬೆಳಗ್ಗೆ, ಎರಡು ಬಗೆಯ ಹಿಟ್ಟನ್ನು ಒಂದೇ ಥರದ ಬಟ್ಟೆಯಲ್ಲಿ ಗಂಟು ಕಟ್ಟಿಕೊಂಡು ಪುಟ್ಟಮಲ್ಲಮ್ಮ ಮಲ್ಲಾಜಮ್ಮನವರ ಬೀದಿಗೆ ಹೋದರು. ಆ ಬೀದಿಗೆ ಅವರು ಕಾಲಿಟ್ಟದ್ದು ಅದೇ ಮೊದಲು. ಹೆಂಗಸರು ಬಾಗಿಲಿಗೆ ಬಂದು ನೋಡಿದರು. ಮಲ್ಲಾಜಮ್ಮ ಹೊರಗೆ ಬಂದು, ಬನ್ನಿ ಎಂದೂ ಅನ್ನದೆ, ಹೋಗಿ ಎಂದೂ ಅನ್ನದೆ ನಿಂತರು. ಈ ಸಲ ಇವರು ಇನ್ನೇನು ಕೇಳಲು ಬಂದಿದ್ದಾರೋ ಎಂಬ ಅನುಮಾನ ಅವರ ಮುಖದಲ್ಲಿತ್ತು.

ಪುಟ್ಟಮಲ್ಲಮ್ಮ ಜಗಲಿಯ ಮೇಲೆ ಕೂತರು.

“ಮಲ್ಲಾಜಿ, ನಾನು ಆಡ್ಬಾರದ ಮಾತ ಆಡ್ಬುಟ್ಟೆ.”

“ಆಡಿದ್ದು ನನ್ ಮಗಳ್ಗ,” ಎಂದರು ಮಲ್ಲಾಜಮ್ಮ. “ಅವಳು ಒಳಗವಳ. ಅವಳ್ಗೇ ಏಳಿ.”

ಭಾನು ಹೊರಗೆ ಬಂದಳು. ಪುಟ್ಟಮಲ್ಲಮ್ಮ ಅವಳ ಮುಖ ನೋಡಿಕೊಂಡೇ ಅದೇ ಮಾತನ್ನು ಇನ್ನೊಂದು ಸಲ ಹೇಳಿದರು. ಬೀದಿಯವರಿಗೂ ಕೇಳಿಸುವ ಹಾಗೆ ಹೇಳಿದರು, ಏಕೆಂದರೆ ಆಪಾದನೆ ಹೊರಿಸಿದ್ದೂ ನಾಲ್ಕು ಜನರ ಎದುರಿಗೇ.

ಭಾನು ಒಳಗೆ ಹೋಗಿ ಒಂದು ನೋಟ್ ಬುಕ್ ತಂದು ಪುಟ ತೆರೆದಳು. ಅವತ್ತು ಬೆಳಗ್ಗೆ ಹೊಲದಲ್ಲಿ ಅವಳು ಮಾಡುತ್ತಿದ್ದದ್ದು ಅದರಲ್ಲಿತ್ತು. ಒಂದರಿಂದ ಇಪ್ಪತ್ತನಾಲ್ಕು ಸಾಲು, ಪ್ರತಿ ಸಾಲಿಗೆ ನೂರು ತೆನೆ, ಅದರಲ್ಲಿ ಕತ್ತು ಕಪ್ಪಾದದ್ದು ಎಷ್ಟು ಎಂದು ಪೆನ್ಸಿಲಿನಲ್ಲಿ ಬರೆದಿದ್ದಳು. ನಂಬರ್ ರಾಗಿ ಯಾವ ಸಾಲು ಎಂಬ ಜಾಗ ಮಾತ್ರ ಖಾಲಿಯಿತ್ತು.

“ಈಗ್ಲಾದ್ರೂ ಹೇಳಿ, ಯಾವ್ಯಾವ ಸಾಲು?”

ಐದು, ಆರು, ಏಳು ಎಂದರು ಪುಟ್ಟಮಲ್ಲಮ್ಮ. ಹದಿಮೂರು, ಹದಿನಾಲ್ಕು, ಹದಿನೈದು, ಹದಿನಾರು. ಕೊನೆಗೆ ಇಪ್ಪತ್ತೊಂದು. ಭಾನು ಒಂದೊಂದರ ಮುಂದೂ ಬೆರಳಿಟ್ಟಳು. ಮೂರು, ಎರಡು, ನಾಲ್ಕು, ಎರಡು. ಉಳಿದ ಸಾಲುಗಳ ಮುಂದೆ ಮೂವತ್ತೆಂಟು, ನಲವತ್ತೊಂದು, ಮೂವತ್ತೈದು. ಪುಟ್ಟಮಲ್ಲಮ್ಮನವರಿಗೆ ಓದಲು ಬರುತ್ತಿರಲಿಲ್ಲ. ಭಾನು ಗಟ್ಟಿಯಾಗಿ ಓದಿ ಹೇಳಿದಳು. ಅಂಕಿಗಳನ್ನು ಕೇಳುತ್ತಾ ಕೇಳುತ್ತಾ ಅವರ ತಲೆ ತಗ್ಗಿತು.

ನೀವು ಮಾಡಿದ ಪರೀಕ್ಷೆ ನಮಗೆ ಟ್ರೈನಿಂಗಿನಲ್ಲಿ ಹೇಳಿಕೊಟ್ಟದ್ದಕ್ಕಿಂತ ಗಟ್ಟಿಯಾಗಿದೆ ಎಂದು ಭಾನು ಹೇಳಿದಳು. ರೋಗ ಇರುವ ಜಾಗ, ಔಷಧಿ ಇಲ್ಲ, ಎಣಿಸುವವಳಿಗೂ ಗುರುತು ಗೊತ್ತಿಲ್ಲ. ಆದರೆ ಮುಂದಿನ ಸಲ ಬೀಜಕ್ಕೆ ಔಷಧಿ ಕಲಸಿಯೇ ಬಿತ್ತಿ, ಯಾವ ತಳಿಯೂ ರೋಗವನ್ನು ನೂರಕ್ಕೆ ನೂರು ತಡೆಯುವುದಿಲ್ಲ ಎಂದೂ ಸೇರಿಸಿದಳು.

ಆಮೇಲೆ ಪುಟ್ಟಮಲ್ಲಮ್ಮ ಎರಡು ಗಂಟು ಬಿಚ್ಚಿ, ಬಂದ ಕೆಲಸ ಹೇಳಿದರು. ಮಲ್ಲಾಜಮ್ಮ ಎರಡೂ ಹಿಟ್ಟನ್ನು ಬೆರಳಲ್ಲಿ ಉಜ್ಜಿ, ಮೂಸಿ ನೋಡಿ, ಒಲೆ ಹಚ್ಚಿದರು. ಬಿಸಿನೀರು ಹಾಕಿ ಕಲಸಿದರು. ಮೊದಲ ಗಂಟಿನ ಹಿಟ್ಟು ಸ್ವಲ್ಪ ಹೆಚ್ಚು ನೀರು ಕೇಳಿತು. ಆದರೆ ತಟ್ಟಿದಾಗ ಅಂಚು ಸೀಳಲಿಲ್ಲ. ಹಂಚಿನ ಮೇಲೆ ಹಾಕಿದರೆ ಉಬ್ಬಿ ಬಂತು. ಎರಡನೆಯದೂ ಚೆನ್ನಾಗಿಯೇ ಬಂತು. ಮಲ್ಲಾಜಮ್ಮ ಎರಡನ್ನೂ ಒಂದೊಂದು ಚೂರು ಬಾಯಿಗೆ ಹಾಕಿಕೊಂಡು ಯೋಚಿಸಿದರು.

“ರುಚಿಗ ಎರಡನೇದು ಒಂದು ಕೈ ಮೇಲು. ಮೆದುವಿಗ ಮೊದಲ್ನೇದು. ಒಲಕ್ಕ ಕಟ್ಕಂಡು ಓಗಕ್ಕ ನಾನಾದ್ರ ಮೊದಲ್ನೇದ್ನೇ ತಟ್ಟೀನಿ.”

ಮೊದಲನೆಯದು ನಂಬರ್ ರಾಗಿ, ಎರಡನೆಯದು ಮನೆಯ ರಾಗಿ. ಬರೀ ಹೊಗಳಿದ್ದರೆ ಪುಟ್ಟಮಲ್ಲಮ್ಮ ನಂಬುತ್ತಿರಲಿಲ್ಲ. ಒಂದು ಕೊರತೆಯನ್ನೂ ಹೇಳಿದ್ದರಿಂದ ಆ ಮಾತು ಅವರ ಮನಸ್ಸಿಗೆ ಇಳಿಯಿತು. ಮಲ್ಲಾಜಮ್ಮ ತಟ್ಟೆಗೆ ರೊಟ್ಟಿ ಹಾಕಿ, ಕೊಡುವುದೋ ಬಿಡುವುದೋ ಎಂದು ತಡೆದರು. ಪುಟ್ಟಮಲ್ಲಮ್ಮ ತಾವೇ ಕೈಚಾಚಿ ತಟ್ಟೆ ತೆಗೆದುಕೊಂಡು, ಹುಚ್ಚೆಳ್ಳಿನ ಚಟ್ನಿಯೊಂದಿಗೆ ಎರಡು ರೊಟ್ಟಿಯನ್ನೂ ಅಲ್ಲೇ ಕೂತು ತಿಂದರು.

ಇನ್ನೆರಡು ರೊಟ್ಟಿಯನ್ನು ಬಟ್ಟೆಯಲ್ಲಿ ಸುತ್ತಿ ಮನೆಗೆ ತಂದರು. ಸಂಜೆ ಬಿಚ್ಚಿ ಮಡಚಿ ನೋಡಿದರೆ ನಂಬರ್ ರಾಗಿಯ ರೊಟ್ಟಿ ಮುರಿಯದೆ ಮಡಚಿಕೊಂಡಿತು. ಶಿವರುದ್ರಸ್ವಾಮಿ ಎರಡನ್ನೂ ತಿಂದು ಎರಡೂ ಚೆಂದ ಎಂದರು. ಅವರ ಮಾತನ್ನು ಪುಟ್ಟಮಲ್ಲಮ್ಮ ಲೆಕ್ಕಕ್ಕೆ ಹಿಡಿಯಲಿಲ್ಲ.

ಮಲ್ಲಾಜಮ್ಮ ಮರುದಿನವೇ ಕೆಲಸಕ್ಕೆ ಬರಲಿಲ್ಲ. ಒಂದು ತಿಂಗಳು ಕಾಯಿಸಿದರು. ಬಂದ ದಿನ, ಇನ್ನು ಮೇಲೆ ಏನಾದರೂ ಅನುಮಾನವಿದ್ದರೆ ಮೊದಲು ನನ್ನನ್ನು ಒಬ್ಬಳನ್ನೇ ಕರೆದು ಕೇಳಿ, ನಾಲ್ಕು ಜನರ ಮುಂದೆ ಬೇಡ ಎಂದರು. ಪುಟ್ಟಮಲ್ಲಮ್ಮ ಒಪ್ಪಿಕೊಂಡರು.

ಎಂಟು ಸಾಲಿನ ರಾಗಿಯಲ್ಲಿ ಒಳ್ಳೆಯ ತೆನೆಗಳನ್ನು ಆರಿಸಿ, ಕಾಳನ್ನು ಒಣಗಿಸಿ, ಬೇವಿನ ಸೊಪ್ಪು ಬೆರೆಸಿ ಮಡಕೆಯಲ್ಲಿ ಬೀಜಕ್ಕೆಂದು ಎತ್ತಿಟ್ಟಿದ್ದರು. ಎರಡು ಎಕರೆಗೆ ಸಾಕಾಗುವಷ್ಟಿತ್ತು. ಆದರೆ ಊರಿನಲ್ಲಿ ಸುದ್ದಿ ಹರಡಿ ಕೇಳುವವರು ಹೆಚ್ಚಾದರು. ಆಗ ಶಿವರುದ್ರಸ್ವಾಮಿ ಗುಂಡ್ಲುಪೇಟೆಗೆ ಈರುಳ್ಳಿ ಮಾರಲು ಹೋದವರು, ಲಾರಿ ನಿಲ್ಲುವ ಕಡೆ ಯಾರೋ ಒಬ್ಬ ಅದೇ ನಂಬರಿನ ರಾಗಿ ಎಂದು ಕೊಟ್ಟ ಒಂದು ಚೀಲವನ್ನು ಖುಷಿಯಿಂದ ಹೊತ್ತು ತಂದರು.

ಪುಟ್ಟಮಲ್ಲಮ್ಮ ಚೀಲವನ್ನು ಸುತ್ತ ತಿರುಗಿಸಿ ನೋಡಿದರು. ಬಾಯಿಯನ್ನು ಕೈಯಲ್ಲಿ ಹೊಲಿದಿತ್ತು. ಎಲ್ಲೂ ಚೀಟಿ ಇರಲಿಲ್ಲ. ಮಾರಿದವನ ರಸೀದಿಯೂ ಇರಲಿಲ್ಲ. ನಂಬರ್ ಮಾತ್ರ ದೊಡ್ಡದಾಗಿ ಬರೆದಿತ್ತು. ಭಾನುವಿಗೆ ಹೇಳಿ ಕಳಿಸಿದರು. ಭಾನು ಬಂದು ಒದ್ದೆ ಬಟ್ಟೆಯಲ್ಲಿ ನೂರು ಕಾಳು ಎಣಿಸಿ ಸುತ್ತಿಡಲು ಹೇಳಿದಳು. ಪಕ್ಕದಲ್ಲೇ ಪುಟ್ಟಮಲ್ಲಮ್ಮನವರ ಮಡಕೆಯ ಬೀಜದ ನೂರು ಕಾಳನ್ನೂ ಇಡಿಸಿದಳು. ಒಂದು ವಾರದ ಮೇಲೆ ಬಿಚ್ಚಿದರೆ ಮಡಕೆಯ ಬೀಜದಲ್ಲಿ ಎಂಬತ್ತೊಂಬತ್ತು ಕಾಳು ಮೊಳೆತಿದ್ದವು. ಚೀಲದ್ದರಲ್ಲಿ ಮೂವತ್ತಾರು. ಯಾವುದೋ ಹಳೆಯ ರಾಗಿಗೆ ಹೊಸ ನಂಬರ್ ಬರೆದಿದ್ದರು.

ಆ ಚೀಲವನ್ನು ಯಾರೂ ಬಿತ್ತಲಿಲ್ಲ. ಕೇಳಿದ ಐದು ಮನೆಗೆ ಪುಟ್ಟಮಲ್ಲಮ್ಮ ತಮ್ಮ ಮಡಕೆಯಿಂದಲೇ ಒಂದೊಂದು ಪಾವು ಬೀಜ ಕೊಟ್ಟರು. ಮೊದಲ ಪಾವನ್ನು ಮಲ್ಲಾಜಮ್ಮನವರಿಗೆ ಕೊಟ್ಟರು, ಅವರಿಗೂ ಊರ ಆಚೆ ಅರ್ಧ ಎಕರೆ ಹೊಲವಿತ್ತು. ತೊಂಬತ್ತೇಳರಲ್ಲಿ ಮನೆಯ ಒಂದೂವರೆ ಎಕರೆಗೂ ಅದೇ ರಾಗಿ ಬಿದ್ದಿತು, ರುಚಿಗೆಂದು ಹಳೆಯ ರಾಗಿಯನ್ನೂ ಒಂದು ಮೂಲೆಯಲ್ಲಿ ಉಳಿಸಿಕೊಂಡರು. ಆ ವರ್ಷ ಅವರ ಮನೆಯಿಂದ ಯಾರೂ ರಾಗಿ ಕೊಳ್ಳಲು ಸಂತೆಗೆ ಹೋಗಲಿಲ್ಲ.

ರಾಗಿ ಬೆಳೆಯುವ ಅಕ್ಕತಂಗಿಯರೇ, ಅಣ್ಣತಮ್ಮಂದಿರೇ, ಹೊಸ ಬೀಜ ಎಂದ ಕೂಡಲೇ ಕಣ್ಣುಮುಚ್ಚಿ ಒಪ್ಪಬೇಡಿ. ಕೇಳದೆ ತಳ್ಳಿಹಾಕಲೂ ಬೇಡಿ. ನಿಮ್ಮ ಬೀಜದ ಪಕ್ಕದಲ್ಲೇ ನಾಲ್ಕು ಸಾಲು ಬಿತ್ತಿ, ಎರಡನ್ನೂ ಒಂದೇ ಥರ ನೋಡಿಕೊಳ್ಳಿ. ತೆನೆ ಬಂದಾಗ ಕತ್ತು ಕಪ್ಪಾದದ್ದನ್ನು ಎಣಿಸಿ. ಮುದ್ದೆ ತಿರುವಿ, ರೊಟ್ಟಿ ತಟ್ಟಿ, ಸಂಜೆಯವರೆಗೆ ಇಟ್ಟು ನೋಡಿ, ಚೆನ್ನಾಗಿಲ್ಲದಿದ್ದರೆ ಕೃಷಿ ಸಹಾಯಕರಿಗೆ ಧೈರ್ಯವಾಗಿ ಹೇಳಿ. ನಿಮ್ಮ ಬಾಯಿಯ ಮಾತೂ ಆ ತಳಿಯ ಪರೀಕ್ಷೆಯೇ. ಈ ಬೀಜವನ್ನು ಮರುವರ್ಷಕ್ಕೆ ಎತ್ತಿಡಬಹುದೇ, ಇಲ್ಲ ಪ್ರತಿ ಸಲ ಕೊಳ್ಳಬೇಕೇ ಎಂದು ಮೊದಲೇ ಕೇಳಿ ತಿಳಿಯಿರಿ. ಚೀಟಿ, ರಸೀದಿ ಇಲ್ಲದ ಬೀಜ ತರಬೇಡಿ. ತಂದದ್ದು ಯಾವುದೇ ಆದರೂ ನೂರು ಕಾಳು ಒದ್ದೆ ಬಟ್ಟೆಯಲ್ಲಿ ಮೊಳಕೆ ಕಟ್ಟಿ ನೋಡಿ, ಆಮೇಲೆ ಹೊಲಕ್ಕೆ ಇಳಿಯಿರಿ. ಬೀಜಕ್ಕೆ ಔಷಧಿ ಕಲಸಿದ ಮೇಲೆ ಉಳಿದದ್ದನ್ನು ತಿನ್ನಬೇಡಿ, ಕೋಳಿಗೂ ಹಾಕಬೇಡಿ.

ಅನುಮಾನ ಬಂದರೆ ಬರಲಿ. ಅದನ್ನು ಪಕ್ಕದವರ ಮೇಲೆ, ಕೂಲಿಯವರ ಮೇಲೆ ಹೊರಿಸಬೇಡಿ. ಹೊಲದಲ್ಲಿ ನಾಲ್ಕು ಸಾಲು ಬಿತ್ತಿ ಕಾಯಿರಿ. ಹೊಲಕ್ಕೆ ಯಾರ ಮುಲಾಜೂ ಇಲ್ಲ, ಇದ್ದದ್ದನ್ನು ಇದ್ದ ಹಾಗೆ ಹೇಳುತ್ತದೆ.